ತೂಕದ ಪಟ್ಟಿ: ಮಳೆಗಾಲ ಮುಗಿದ ಮೇಲೆ ನಮ್ಮ ಗಿರಿರಾಜ ಕೋಳಿಗಳು

ಕುಮಟಾ ಬದಿಯ ನಮ್ಮ ಹಿತ್ತಲಿನ ಕೋಳಿಗಳನ್ನು ತೂಗಿ ಬರೆದಿಡುವ ಕೆಲಸ ಮಳೆಗಾಲ ದಾಟಿ ಬಂದಿದೆ. ಕಾಲಿಗೆ ಬಣ್ಣದ ಬಳೆ, ಮೀನು ತೂಗುವ ಕೊಕ್ಕೆ ತಕ್ಕಡಿ, ಒಂದು ನೋಟ್‌ಬುಕ್. ಇಷ್ಟೇ ಸಲಕರಣೆ. ತೂಗುವುದು ಬೆಳಿಗ್ಗೆ ಮೇವು ಹಾಕುವ ಮೊದಲು.

ಈ ಸಲ ಪಟ್ಟಿ ಸ್ಪಷ್ಟವಾಗಿ ಮಾತಾಡಿದೆ. 2.7ರಿಂದ 3 ಕಿಲೋ ಇರುವ ಹೇಂಟೆಗಳು ತಪ್ಪದೆ ಮೊಟ್ಟೆ ಇಡುತ್ತಿವೆ. ಕೆಂಪು ಬಳೆಯದು 3.6 ಕಿಲೋ, ನೋಡಲು ಎಲ್ಲಕ್ಕಿಂತ ಚೆಂದ, ಆದರೆ ಗೂಡಿನಲ್ಲಿ ಅದರ ಮೊಟ್ಟೆ ಅಪರೂಪ. ಹೊಟ್ಟೆಯಡಿ ಕೈಯಿಟ್ಟರೆ ಮೆತ್ತಗಿಲ್ಲ, ಬರೀ ಕೊಬ್ಬು. ಗಿರಿರಾಜ ಹೆಬ್ಬಾಳದಲ್ಲಿ ಮಾಂಸ, ಮೊಟ್ಟೆ ಎರಡಕ್ಕೂ ಎಂದು ರೂಪಿಸಿದ ತಳಿ. ಅನ್ನ ಸುರಿದಷ್ಟೂ ಮೈ ಹಿಡಿಯುತ್ತದೆ. ಹೇಂಟೆಯ ಅಂಡಾಶಯದಲ್ಲಿ ಹಳದಿಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಬಲಿಯಬೇಕು. ಅತಿಯಾಗಿ ತಿಂದು ದಪ್ಪವಾದದ್ದರಲ್ಲಿ ಎರಡು ಮೂರು ಒಟ್ಟಿಗೇ ಬಲಿತು ಸಾಲು ಕೆಡುತ್ತದೆ. ಜೋಡಿ ಹಳದಿಯ ಮೊಟ್ಟೆ ಬರುವುದು ಹಾಗೆ. ಕೆಲವೊಮ್ಮೆ ಹಳದಿಯು ಅಂಡನಾಳ ಸೇರದೆ ಹೊಟ್ಟೆಯೊಳಗೇ ಬೀಳುತ್ತದೆ.

ಹಾಗಂತ ಸಣಕಲು ಕೋಳಿಯೂ ಬೇಡ. ಉಷ್ಟ್ರಪಕ್ಷಿ ಸಾಕುವವರ ಅನುಭವ ಓದಿದಾಗಿನಿಂದ ಇದು ನನ್ನ ತಲೆಯಲ್ಲಿ ಕೂತಿದೆ. ದಕ್ಷಿಣ ಆಫ್ರಿಕಾದಲ್ಲಿ ಸಂತಾನದ ಕಾಲ ಮುಗಿದ ಮೇಲೆ ಗಂಡು ಹೆಣ್ಣುಗಳನ್ನು ಬೇರೆ ಮಾಡಿ ಮೇವು ಇಳಿಸುತ್ತಾರೆ, ಕೊಬ್ಬು ಕೂರದಂತೆ. ಮೊಟ್ಟೆಯ ಕಾಲದಲ್ಲಿ ಹೆಣ್ಣು ಹೆಚ್ಚುಕಡಿಮೆ ದಿನ ಬಿಟ್ಟು ದಿನ ಸುಮಾರು ಒಂದೂವರೆ ಕಿಲೋ ಮೊಟ್ಟೆ ಇಡುತ್ತಾ ಮೈಯ ತೂಕ ಕಳೆದುಕೊಳ್ಳುತ್ತದೆ. ಮೊದಲೇ ಸೊರಗಿದ್ದರೆ ಅದು ತರುವುದಾದರೂ ಎಲ್ಲಿಂದ? ಲೆಕ್ಕ ಹಾಕಿದರೆ ನಮ್ಮ ಹೇಂಟೆಯ ಪಾಡು ಇನ್ನೂ ಕಷ್ಟ: ನೂರು ಕಿಲೋ ದಾಟಿದ ಆ ಹಕ್ಕಿಗೆ ಒಂದು ಮೊಟ್ಟೆ ಮೈತೂಕದ ನೂರಕ್ಕೆ ಒಂದೂವರೆ ಪಾಲೂ ಆಗದು; 2.8 ಕಿಲೋ ಹೇಂಟೆಯ 55 ಗ್ರಾಂ ಮೊಟ್ಟೆ ನೂರಕ್ಕೆ ಎರಡರ ಹತ್ತಿರ.

ಅದಕ್ಕೇ ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ನಿಂತಿದೆ, ಬೆಳಗಿನ ಕಾಳು ಮತ್ತು ಸೊಪ್ಪು ಮುಂದುವರಿದಿದೆ. ಅಘನಾಶಿನಿ ಹೊಳೆಯ ಬಳಚು ಎಂಬ ಚಿಪ್ಪುಜೀವಿಯ ಚಿಪ್ಪನ್ನು ಕುಟ್ಟಿ ಬೇರೆ ಮಡಕೆಯಲ್ಲಿ ಇಟ್ಟಿದ್ದೇನೆ. ಸುಣ್ಣ ಬೇಕಾದವು ತಾವಾಗಿಯೇ ಬಂದು ಹೆಕ್ಕುತ್ತವೆ. ಹಗಲು ಕುಗ್ಗುತ್ತಿರುವುದರಿಂದ ಮೊಟ್ಟೆ ಇಳಿಯದಿರಲೆಂದು ನಸುಕಿಗೆ ಒಂದು ಬಲ್ಬ್, ಒಟ್ಟು 14 ತಾಸು ಬೆಳಕು ಸಿಗುವಂತೆ.

ಇನ್ನು ಹುಂಜ. 4.8 ಕಿಲೋ. ಕಾವಿಗಿಟ್ಟ ಮೊಟ್ಟೆಗಳನ್ನು ಏಳನೇ ದಿನ ಟಾರ್ಚ್ ಹಿಡಿದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಅದು ಹೇಂಟೆಯ ಬೆನ್ನೇರಿ ನಿಲ್ಲಲಾಗದೆ ಜಾರುವುದನ್ನು ಕಣ್ಣಾರೆ ಕಂಡಿದ್ದೇನೆ. ಈಗ ಅದನ್ನು ಬೇರೆ ಗೂಡಿಗೆ ಹಾಕಿ, 3.5 ಕಿಲೋದ ಎಳೆ ಹುಂಜವನ್ನು ಬಿಟ್ಟಾಗಿದೆ. ಹೇಂಟೆಯ ಮೈಯಲ್ಲಿ ಹಳೆಯ ಹುಂಜದ ವೀರ್ಯ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಉಳಿಯುತ್ತದೆ. ಹಾಗಾಗಿ ಮೂರು ವಾರದ ಮೊಟ್ಟೆಯೆಲ್ಲ ಅಡುಗೆಮನೆಗೆ. ಕಾವಿಗೆ ಆರಿಸುವುದು ಆಮೇಲೆ.