ಸಣ್ಣ ತಪ್ಪಿನ ಹಿಂದೆ ಅಡಗಿದ್ದು

ಜೈನರ ಹತ್ತು ದಿನಗಳ ಹಬ್ಬವಾದ ದಶಲಕ್ಷಣ ಪರ್ವದಲ್ಲಿ ಮೂರನೇ ದಿನ ಉತ್ತಮ ಆರ್ಜವದ ದಿನ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಿನಕ್ಕೊಂದು ಧರ್ಮ. ಮೊದಲು ಕ್ಷಮೆ. ಆಮೇಲೆ ಮಾರ್ದವ, ಅಂದರೆ ಗರ್ವ ಬಿಟ್ಟ ಮೆದುತನ. ಆರ್ಜವ ಬಂದಾಗ ಮಾತ್ರ ಪ್ರತಿ ವರ್ಷ ನನಗೆ ಒಳಗೊಳಗೇ ಅಳುಕು. ಆರ್ಜವ ಅಂದರೆ ನೇರವಾಗಿರುವುದು. ಮನಸ್ಸಿನಲ್ಲಿ ಇದ್ದದ್ದೇ ಬಾಯಲ್ಲಿ, ಬಾಯಲ್ಲಿ ಬಂದದ್ದೇ ನಡತೆಯಲ್ಲಿ.

ಈ ಸಲ ಆ ಸಂಜೆ ಬಸದಿಯಲ್ಲಿ ಸಾಮಾಯಿಕಕ್ಕೆ, ಅಂದರೆ ಮನಸ್ಸನ್ನು ಸಮಸ್ಥಿತಿಯಲ್ಲಿಟ್ಟು ಮಾಡುವ ಧ್ಯಾನಕ್ಕೆ, ಕೂತಿದ್ದೆ. ಎರಡು ಗಳಿಗೆ, ಅಂದರೆ 48 ನಿಮಿಷ. ಮಾಡಿದ ತಪ್ಪುಗಳನ್ನು ಒಂದೊಂದಾಗಿ ನೆನೆಯುತ್ತಾ, 'ತಂಗಿಯ ಮೇಲೆ ರೇಗಿದೆ' ಅಂತ ಒಪ್ಪಿಕೊಂಡೆ. ಮನಸ್ಸು ಹಗುರವಾಯಿತು. ಅಷ್ಟು ಬೇಗ ಹಗುರವಾದದ್ದೇ ಅನುಮಾನ ತಂದಿತು.

ಅಮ್ಮನನ್ನು ಎರಡು ತಿಂಗಳು ನನ್ನ ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತಾ ಅಂತ ಅವಳು ಫೋನಿನಲ್ಲಿ ಕೇಳಿದ್ದಳು. ಕೆಲಸ ಜಾಸ್ತಿ ಇದೆ ಅಂದೆ. ಮತ್ತೊಮ್ಮೆ ಕೇಳಿದಾಗ ರೇಗಿದೆ. ನಿಜವಾಗಿ ಕೆಲಸ ಅಷ್ಟೇನೂ ಇರಲಿಲ್ಲ. ರಾತ್ರಿ ಮೂರು ಮೂರು ಸಲ ಎದ್ದು ಅಮ್ಮನನ್ನು ನೋಡಿಕೊಳ್ಳುವುದು ನನಗೆ ಬೇಡವಾಗಿತ್ತು.

ಗುರುವಿನ ಮುಂದೆ ತಪ್ಪನ್ನು ಬಿಚ್ಚಿ ಹೇಳುವುದಕ್ಕೆ ಜೈನರಲ್ಲಿ 'ಆಲೋಚನೆ' ಎಂಬ ಹೆಸರಿದೆ. ನಾವು ದಿನಾ ಆಡುವ ಮಾತೇ, ಅರ್ಥ ಮಾತ್ರ ಬೇರೆ. ಹಾಗೆ ಹೇಳಿಕೊಳ್ಳುವುದರಲ್ಲೂ ಹತ್ತು ದೋಷಗಳುಂಟು ಅಂತ ಸಾವಿರ ವರ್ಷಕ್ಕೂ ಹಿಂದೆಯೇ ಆಚಾರ್ಯರು ಎಣಿಸಿಟ್ಟಿದ್ದಾರೆ. ಮನುಷ್ಯನ ಮನಸ್ಸನ್ನು ಎಷ್ಟು ಹತ್ತಿರದಿಂದ ನೋಡಿದ್ದರು ಅಂತ ನನಗೆ ಪ್ರತಿ ಸಲವೂ ಆಶ್ಚರ್ಯ. ಬೇರೆಯವರು ಕಣ್ಣಾರೆ ಕಂಡ ತಪ್ಪನ್ನಷ್ಟೇ ಹೇಳುವುದು ಒಂದು ದೋಷ. 'ನನ್ನ ಮೈಯಲ್ಲಿ ಶಕ್ತಿಯಿಲ್ಲ' ಅಂತ ಮೊದಲೇ ಹೇಳಿ ಪ್ರಾಯಶ್ಚಿತ್ತ ಕಡಿಮೆ ಮಾಡಿಸಿಕೊಳ್ಳುವುದು ಇನ್ನೊಂದು. ಅದೇ ತಪ್ಪು ಮಾಡುವವರನ್ನು ಹುಡುಕಿಕೊಂಡು ಹೋಗಿ ಹೇಳುವುದೂ ದೋಷವೇ. ಅವರು ನಮ್ಮನ್ನು ಬಯ್ಯುವುದಿಲ್ಲ, ಅಲ್ವಾ?

ನನ್ನದು ಸೂಕ್ಷ್ಮ ಎಂಬ ದೋಷ. ಸಣ್ಣದನ್ನು ಹೇಳಿ ದೊಡ್ಡದನ್ನು ಮುಚ್ಚಿಡುವುದು. ಇಷ್ಟು ಚಿಕ್ಕದನ್ನೂ ಬಿಡದೆ ಹೇಳುವವನು ದೊಡ್ಡದನ್ನು ಬಚ್ಚಿಟ್ಟಾನೆಯೇ ಅಂತ ಕೇಳುವವರು ನಂಬಲಿ ಎಂಬ ಆಸೆ ಅದರ ಹಿಂದೆ ಇರುತ್ತದೆ. ಅವತ್ತು ಹೇಳಿದವನೂ ನಾನೇ, ಕೇಳಿದವನೂ ನಾನೇ. ನಂಬಿಬಿಟ್ಟಿದ್ದೆ. ಸಿಟ್ಟಿಗೆ ಕ್ಷಮೆ ಕೇಳಿಕೊಂಡು, ಸುಳ್ಳನ್ನೂ ಅದರ ಹಿಂದಿದ್ದ ಬೇಸರವನ್ನೂ ಹಾಗೇ ಉಳಿಸಿಕೊಂಡಿದ್ದೆ. ಉಳಿದ ಹೊತ್ತೆಲ್ಲ ಜಪ ಸಾಗಲಿಲ್ಲ. ಅಮ್ಮನ ಮುಖವೇ ಕಣ್ಣ ಮುಂದೆ.

ಶಬ್ದಾಕುಲಿತ ಅಂತ ಇನ್ನೊಂದು ದೋಷವಿದೆ. ಎಲ್ಲರೂ ಒಟ್ಟಿಗೆ ತಪ್ಪು ಒಪ್ಪಿಕೊಳ್ಳುವ ಗದ್ದಲದಲ್ಲಿ, ಗುರುವಿಗೆ ಸರಿಯಾಗಿ ಕೇಳಿಸದ ಹಾಗೆ ತನ್ನದನ್ನೂ ಹೇಳಿ ಮುಗಿಸುವುದು. ಪರ್ವ ಮುಗಿದ ಮೇಲೆ ಬರುವ, ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ಷಮಾವಣಿಯ ದಿನ ನಾನು ಮಾಡುತ್ತಿದ್ದದ್ದು ಇದನ್ನೇ ಅನ್ನಿಸಿತು. 'ನನ್ನಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ' ಅಂತ ಫೋನಿನಲ್ಲಿದ್ದವರಿಗೆಲ್ಲ ಒಂದೇ ಸಂದೇಶ. ಆ ಸಂದೇಶ ಕೆಟ್ಟದ್ದಲ್ಲ. ಆದರೆ ತಪ್ಪು ಆಗಿದೆ ಅಂತ ಗೊತ್ತಿರುವವರಿಗೂ 'ಆಗಿದ್ದರೆ' ಅನ್ನಬಾರದು.

ಈ ಸಲ ಕ್ಷಮಾವಣಿಯ ಬೆಳಗ್ಗೆ ಮೊದಲು ತಂಗಿಗೆ ಫೋನ್ ಮಾಡಿದೆ. ರೇಗಿದ್ದನ್ನು ಹೇಳಿದೆ. ಕೆಲಸದ ನೆಪ ಸುಳ್ಳು ಅಂತಲೂ ಹೇಳಿದೆ. ಯಾಕೆ ಬೇಡವಾಗಿತ್ತು ಅನ್ನುವುದನ್ನು ಹೇಳುವಾಗ ಗಂಟಲು ಕಟ್ಟಿತು. ಅವಳು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಫೋನನ್ನು ಅಮ್ಮನ ಕೈಗೆ ಕೊಟ್ಟಳು.