ಮೂವತ್ತು ವರ್ಷ ಟ್ಯಾಕ್ಸ್ ಕಟ್ಟಿದೆ, ನನ್ನ ಪಿಂಚಣಿ ಎಲ್ಲಿ?

ನಾನು ಅರ್ಥಶಾಸ್ತ್ರದ ಪಾಠ ಮಾಡುವವನು ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಈ ಪ್ರಶ್ನೆ ಬಂದೇ ಬರುತ್ತದೆ. ವಾಟ್ಸಾಪ್‌ನಲ್ಲೂ 'ಟ್ಯಾಕ್ಸ್ ಕಟ್ಟಿದವರಿಗೆ ವಯಸ್ಸಾದ ಮೇಲೆ ಸರ್ಕಾರ ಪಿಂಚಣಿ ಕೊಡಬೇಕು' ಅನ್ನುವ ಒಂದು ಫಾರ್ವರ್ಡ್ ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಕಳೆದ ತಿಂಗಳು ಬೆಳಗಿನ ವಾಕಿಂಗ್‌ನಲ್ಲಿ ಕೇಳಿದವರು ಪಕ್ಕದ ರಸ್ತೆಯ ಸ್ನೇಹಿತರು. ಖಾಸಗಿ ಕಂಪನಿಯಿಂದ ರಿಟೈರ್ ಆಗಿ ನಾಲ್ಕು ವರ್ಷವಾಯಿತು.

'ಮೇಷ್ಟ್ರೇ, ಮೂವತ್ತು ವರ್ಷ ತಪ್ಪದೆ ಸಂಬಳದಲ್ಲಿ ಟ್ಯಾಕ್ಸ್ ಹಿಡ್ಕೊಂಡ್ರು. ಅಮೆರಿಕದಲ್ಲಾಗಿದ್ರೆ ಈಗ ತಿಂಗಳು ತಿಂಗಳು ಚೆಕ್ ಬರ್ತಿತ್ತು. ನಮಗ್ಯಾಕಿಲ್ಲ?'

ಅಮೆರಿಕದಲ್ಲೂ ಆ ಚೆಕ್ ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದಕ್ಕೆ ಬರುವುದಲ್ಲ. ಅದಕ್ಕೆ ಬೇರೆಯೇ ತೆರಿಗೆ ಇದೆ. ನೌಕರನ ಸಂಬಳದಿಂದ ಶೇ 6.2, ಕೆಲಸ ಕೊಟ್ಟವನಿಂದ ಇನ್ನೊಂದು ಶೇ 6.2. ಇನ್‌ಕಮ್ ಟ್ಯಾಕ್ಸ್ ಅದರ ಮೇಲೆ. ಜರ್ಮನಿಯಲ್ಲಿ ಪಿಂಚಣಿಗೇ ಅಂತ ಇಬ್ಬರೂ ಸೇರಿ ಶೇ 18.6 ಕೊಡುತ್ತಾರೆ, ಜಪಾನಿನಲ್ಲಿ ಶೇ 18.3. 'ಅಷ್ಟನ್ನೂ ಹಿಡಿದಿದ್ರೆ ನೀವು ಸುಮ್ನೆ ಇರ್ತಿದ್ರಾ?' ಅಂದೆ. ನಕ್ಕರು.

ಆ ಶೇ 6.2 ಎಂಥದು ಅಂತ ಅಮೆರಿಕಕ್ಕೆ ಹೋಗಿ ಬಂದ ನಮ್ಮ ಹುಡುಗರಿಗೆ ಚೆನ್ನಾಗಿ ಗೊತ್ತು. ಪಿಂಚಣಿ ಬೇಕಾದರೆ ಅಲ್ಲಿ ಕಡಿಮೆಯೆಂದರೂ ಹತ್ತು ವರ್ಷದ ಲೆಕ್ಕ ತುಂಬಿರಬೇಕು. ಎಚ್-1ಬಿ ವೀಸಾದಲ್ಲಿ ಹೋಗಿ ಆರೇಳು ವರ್ಷಕ್ಕೆ ಬೆಂಗಳೂರಿಗೆ ವಾಪಸ್ ಬಂದವರು ಕಟ್ಟಿದ್ದನ್ನು ಅಲ್ಲೇ ಬಿಟ್ಟು ಬಂದ ಹಾಗೆ. ಹೀಗೆ ಕಟ್ಟಿದ್ದು ಹಾಳಾಗದಿರಲಿ ಅಂತ ಜಪಾನ್, ಜರ್ಮನಿಗಳ ಜೊತೆ ಭಾರತಕ್ಕೆ ಒಪ್ಪಂದ ಇದೆ, ಅಮೆರಿಕದ ಜೊತೆ ಇಲ್ಲ.

ಆದರೆ ಕೇಳುವವರ ಮನಸ್ಸಿನಲ್ಲಿ ಇನ್ನೊಂದು ಗೊಂದಲವೂ ಇರುತ್ತದೆ. ಅಲ್ಲಿಯವರು ಕಟ್ಟಿದ ದುಡ್ಡನ್ನು ಸರ್ಕಾರ ಅವರ ಹೆಸರಲ್ಲಿ ಜೋಪಾನ ಮಾಡಿ, ವಯಸ್ಸಾದ ಮೇಲೆ ಬಡ್ಡಿ ಸಮೇತ ಕೊಡುತ್ತದೆ ಅಂತ ಅಂದುಕೊಂಡಿರುತ್ತಾರೆ, ಫಿಕ್ಸೆಡ್ ಡೆಪಾಸಿಟ್ ಥರ. ಅದು ಹಾಗಲ್ಲ. ಅದು ಮುಯ್ಯಿ.

ಹಳ್ಳಿ ಮದುವೆಯಲ್ಲಿ ಮುಯ್ಯಿ ಬರೆಯುವವರನ್ನು ನೋಡಿದ್ದೀರಲ್ಲ. ಯಾರು ಎಷ್ಟು ಕೊಟ್ಟರು ಅಂತ ಪುಸ್ತಕದಲ್ಲಿ ಏರುತ್ತದೆ. ಆ ದುಡ್ಡು ಯಾವ ಪೆಟ್ಟಿಗೆಯಲ್ಲೂ ಉಳಿಯುವುದಿಲ್ಲ, ಸಂಜೆಯೊಳಗೆ ಅಡುಗೆಯವರಿಗೋ ಶಾಮಿಯಾನದವರಿಗೋ ಹೋಗಿರುತ್ತದೆ. ಉಳಿಯುವುದು ಪುಸ್ತಕ ಮಾತ್ರ. ನಾಳೆ ನಿಮ್ಮ ಮನೆಯ ಮದುವೆಗೆ ಬೇರೆಯವರು ತರುತ್ತಾರೆ. ಆ ದೇಶಗಳ ಪಿಂಚಣಿಯೂ ಹೀಗೇ. ಈ ತಿಂಗಳು ದುಡಿಯುವವರಿಂದ ಹಿಡಿದದ್ದು ಬಹುಪಾಲು ಈ ತಿಂಗಳೇ ವಯಸ್ಸಾದವರ ಕೈ ಸೇರುತ್ತದೆ.

ಮುಯ್ಯಿ ಶುರುವಾದಾಗ ಮೊದಲ ಮದುವೆ ಮಾಡಿದವರದ್ದೇ ಅದೃಷ್ಟ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಐಡಾ ಮೇ ಫುಲ್ಲರ್ ಎಂಬ ಮಹಿಳೆ ಇದ್ದರು. ವಕೀಲರ ಆಫೀಸಿನಲ್ಲಿ ಕೆಲಸ. 1937ರಿಂದ ಮೂರು ವರ್ಷ ಈ ತೆರಿಗೆ ಕಟ್ಟಿದರು, ಒಟ್ಟು 24 ಡಾಲರ್ 75 ಸೆಂಟ್. 1940ರ ಜನವರಿ 31ರಂದು ತಿಂಗಳ ಪಿಂಚಣಿಯ ಮೊಟ್ಟಮೊದಲ ಚೆಕ್ ಅವರ ಹೆಸರಿಗೇ ಬಂತು, 22 ಡಾಲರ್ 54 ಸೆಂಟ್. ಎರಡನೇ ಚೆಕ್ಕಿಗೇ ಕಟ್ಟಿದ್ದು ವಸೂಲಾಗಿ ಮೇಲೂ ಬಂತು. ಅಜ್ಜಿ ನೂರು ವರ್ಷ ಬದುಕಿದರು. 1975ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರಿಗೆ ಬಂದ ಒಟ್ಟು ಹಣ 22,888 ಡಾಲರ್. ಅವರು ಮೋಸ ಮಾಡಿದರು ಅಂತ ಯಾರೂ ಅನ್ನುವುದಿಲ್ಲ. ಮುಯ್ಯಿಯ ಮೊದಲ ಸಾಲಿನಲ್ಲಿ ಕೂತಿದ್ದರು, ಅಷ್ಟೇ.

ಇದರ ಹಿಂದಿನ ಲೆಕ್ಕವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಪಾಲ್ ಸ್ಯಾಮ್ಯುಯೆಲ್ಸನ್ 1958ರಲ್ಲಿ ಒಂದು ಲೇಖನದಲ್ಲಿ ತೋರಿಸಿದರು. ಹಿಂದಿನ ತಲೆಮಾರಿಗೆ ಕೊಟ್ಟು ಮುಂದಿನ ತಲೆಮಾರಿನಿಂದ ಪಡೆಯುವ ಏರ್ಪಾಡಿನಲ್ಲಿ, ಜನಸಂಖ್ಯೆ ಬೆಳೆಯುವ ವೇಗವೇ ನಿಮಗೆ ಸಿಗುವ ಬಡ್ಡಿ. ಸಂಬಳಗಳು ಏರುತ್ತಿದ್ದರೆ ಅದೂ ಸೇರುತ್ತದೆ. ಊರಲ್ಲಿ ಮನೆಗಳು ಹೆಚ್ಚುತ್ತಿದ್ದರೆ ಕೊಟ್ಟದ್ದಕ್ಕಿಂತ ಜಾಸ್ತಿ ಮುಯ್ಯಿ ಬರುತ್ತದೆ. ಮನೆಗಳು ಖಾಲಿಯಾದರೆ ಪುಸ್ತಕದಲ್ಲಿ ಏನೇ ಬರೆದಿರಲಿ, ಕೊಡುವವರೇ ಇಲ್ಲ. ಅಮೆರಿಕದಲ್ಲಿ 1950ರಲ್ಲಿ ಒಬ್ಬ ಪಿಂಚಣಿದಾರರಿಗೆ 16 ಜನ ದುಡಿಯುವವರಿದ್ದರು. ಈಗ ಮೂವರೂ ಇಲ್ಲ.

ಕೊಡುವವರು ಕಡಿಮೆಯಾದರೆ ಏನಾಗುತ್ತದೆ ಅಂತ ನೋಡಲು ಜಪಾನಿಗೆ ಹೋಗಬೇಕು. ಅಲ್ಲಿ 65 ದಾಟಿದವರ ಪಾಲು 1970ರಲ್ಲಿ ಶೇ 7 ಇತ್ತು. 1994ಕ್ಕೆ ಶೇ 14 ಆಯಿತು, ಬರೀ 24 ವರ್ಷದಲ್ಲಿ. ಇದೇ ದಾರಿಗೆ ಫ್ರಾನ್ಸ್ ನೂರು ವರ್ಷಕ್ಕೂ ಜಾಸ್ತಿ ತೆಗೆದುಕೊಂಡಿತ್ತು. ಈಗ ಜಪಾನಿನಲ್ಲಿ ಅದು ಶೇ 29ರ ಸುಮಾರಿಗಿದೆ. ಕಷ್ಟ ಏನೆಂದರೆ, ಯುವಕರು ತುಂಬಿದ್ದ ಕಾಲದಲ್ಲಿ ಸರ್ಕಾರ ಧಾರಾಳವಾಗಿ ಮಾತು ಕೊಟ್ಟುಬಿಟ್ಟಿತ್ತು. 1973ರಲ್ಲಿ 70 ದಾಟಿದವರಿಗೆ ಆಸ್ಪತ್ರೆ ಖರ್ಚು ಪೂರ್ತಿ ಮಾಫಿ. ಡಾಕ್ಟರ ಬಾಗಿಲಲ್ಲಿ ಅಜ್ಜ ಅಜ್ಜಿಯರ ಹರಟೆಕಟ್ಟೆಯೇ ಶುರುವಾಯಿತು. 'ಇವತ್ತು ಅವರು ಯಾಕೆ ಬಂದಿಲ್ಲ?' 'ಹುಷಾರಿಲ್ಲವಂತೆ' ಅನ್ನುವುದು ಅಲ್ಲಿಯ ಹಳೇ ಜೋಕು. ಹತ್ತು ವರ್ಷದಲ್ಲಿ ಆ ಮಾಫಿ ನಿಂತಿತು.

ಆಮೇಲೆ ಎದ್ದದ್ದು ಯಾರ ಮೇಲೆ ತೆರಿಗೆ ಹಾಕಬೇಕು ಅನ್ನುವ ಪ್ರಶ್ನೆ. ನನಗೆ ಇಡೀ ಕಥೆಯಲ್ಲಿ ರುಚಿಸುವ ಭಾಗ ಇದೇ. ಸಂಬಳದ ಮೇಲೆ ಹಾಕಿದರೆ ಹೊರೆ ದುಡಿಯುವವರ ಮೇಲೇ ಬೀಳುತ್ತದೆ, ಅವರೋ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಕೊಳ್ಳುವ ಸಾಮಾನಿನ ಮೇಲೆ ಹಾಕಿದರೆ ರಿಟೈರ್ ಆದವರೂ ಕೊಡಬೇಕು. ಆಲನ್ ಔರ್‌ಬಾಕ್ ಮತ್ತು ಲಾರೆನ್ಸ್ ಕೋಟ್ಲಿಕಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1980ರ ದಶಕದಲ್ಲಿ ಕಂಪ್ಯೂಟರಿನಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ನೋಡಿದರು. ಸಂಬಳದ ತೆರಿಗೆಯಿಂದ ಸಾಮಾನಿನ ತೆರಿಗೆಗೆ ಬದಲಾಯಿಸಿದರೆ, ಆ ಹೊತ್ತಿಗೆ ಉಳಿತಾಯ ಮಾಡಿಕೊಂಡು ಕೂತಿರುವ ಹಿರಿಯರ ಗಂಟಿಗೆ ಕೈಹಾಕಿದಂತಾಗುತ್ತದೆ. ಕಿರಿಯರ ಹೊರೆ ಇಳಿಯುತ್ತದೆ. ಅದು ನ್ಯಾಯವೋ ಅನ್ಯಾಯವೋ ಅನ್ನುವುದು ನಿಮ್ಮ ವಯಸ್ಸಿನ ಮೇಲೆ ಹೋಗುತ್ತದೆ!

ಜಪಾನ್ ಸಾಮಾನಿನ ತೆರಿಗೆಯ ದಾರಿ ಹಿಡಿಯಿತು. 1989ರಲ್ಲಿ ಶೇ 3, 1997ರಲ್ಲಿ ಶೇ 5, 2014ರಲ್ಲಿ ಶೇ 8, 2019ರ ಅಕ್ಟೋಬರಿನಲ್ಲಿ ಶೇ 10. ಬಡವರಿಗೆ ಪೆಟ್ಟು ಬೀಳಬಾರದು ಅಂತ ತಿನ್ನುವ ಸಾಮಾನನ್ನು ಶೇ 8ರಲ್ಲೇ ಉಳಿಸಿದರು. ಸೊನ್ನೆಯಿಂದ ಹತ್ತಕ್ಕೆ ಮೂವತ್ತು ವರ್ಷ! 1997ರಲ್ಲಿ ಏರಿಸಿದ ಪ್ರಧಾನಿ ಹಾಶಿಮೊಟೊ ಮರುವರ್ಷ ಮೇಲ್ಮನೆ ಚುನಾವಣೆಯಲ್ಲಿ ಏಟು ತಿಂದು ರಾಜೀನಾಮೆ ಕೊಟ್ಟರು. ಹತ್ತಕ್ಕೆ ಏರಿಸುವ ಕಾನೂನನ್ನು 2012ರಲ್ಲಿ ಪಾಸ್ ಮಾಡಿದ ಪ್ರಧಾನಿ ನೋಡಾ ಅದೇ ವರ್ಷದ ಕೊನೆಗೆ ಸೋತರು. ಅವರ ನಂತರ ಪ್ರಧಾನಿಯಾದ ಆಬೆ ಆ ಹತ್ತನ್ನು ಎರಡು ಸಲ ಮುಂದಕ್ಕೆ ಹಾಕಿ ಆಮೇಲೆ ಏರಿಸಿದರು. ಈ ನಡುವೆ 2004ರಲ್ಲಿ ಇನ್ನೊಂದು ಕೆಲಸ ಆಯಿತು. ಸಂಬಳದಿಂದ ಹಿಡಿಯುವುದಕ್ಕೆ ಶೇ 18.3ರ ಮಿತಿ ಹಾಕಿ, ದುಡಿಯುವವರು ಕಡಿಮೆಯಾದಷ್ಟೂ ಪಿಂಚಣಿ ಏರುವ ವೇಗ ತಾನಾಗಿಯೇ ತಗ್ಗುವಂತೆ ಸೂತ್ರ ಬರೆದರು. ಮುಯ್ಯಿ ಕಡಿಮೆ ಬಂದರೆ ಎಲೆಯಲ್ಲಿ ಒಂದು ಪಲ್ಯ ಕಡಿಮೆ.

ನಮ್ಮ ಸ್ನೇಹಿತರು ಇಷ್ಟನ್ನೂ ಕೇಳಿಸಿಕೊಂಡು, 'ನಮ್ಮ ವಿಷಯ ಹೇಳಿ' ಅಂದರು.

ಅವರಿಗೂ ಒಂದು ಪಿಂಚಣಿ ಬರುತ್ತಿದೆ. ಅದನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪಿಎಫ್‌ನಲ್ಲಿ ಕಂಪನಿ ಕೊಡುವ ಪಾಲಿನಿಂದ ಶೇ 8.33 ಪಿಂಚಣಿ ಖಾತೆಗೆ ಹೋಗುತ್ತದೆ. ಆದರೆ 2014ರಿಂದ 15 ಸಾವಿರದ ಸಂಬಳದ ಮೇಲೆ ಮಾತ್ರ, ಅಂದರೆ ತಿಂಗಳಿಗೆ 1,250 ರೂಪಾಯಿಯೊಳಗೆ. ಅದಕ್ಕೂ ಮುಂಚೆ ಮಿತಿ ಇನ್ನೂ ಕಡಿಮೆ ಇತ್ತು. ಬರುವುದೂ ಅದಕ್ಕೆ ತಕ್ಕಷ್ಟೇ. ಸರ್ಕಾರಿ ನೌಕರರ ಕಥೆ ಬೇರೆ. ಹಳೇ ಪಿಂಚಣಿಯಲ್ಲಿ ಅವರು ಒಂದು ಪೈಸೆ ಮುಯ್ಯಿ ಕೊಡದೆ, ಎಲ್ಲರ ತೆರಿಗೆಯಿಂದ ಪಡೆಯುತ್ತಿದ್ದರು. ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸೇರಿದವರಿಗೆ ಅದು ನಿಂತು, ನೌಕರರೂ ಸಂಬಳದಿಂದ ಪಾಲು ಕಟ್ಟುವ ಎನ್‌ಪಿಎಸ್ ಬಂತು. ಆ ಜಗಳಕ್ಕೆ ಇಲ್ಲಿ ಕೈ ಹಾಕುವುದಿಲ್ಲ, ನಮ್ಮ ಮನೆಯಲ್ಲೇ ಎರಡು ಪಾರ್ಟಿ ಇದೆ.

ಇನ್ನು ಉಳಿದವರು. ನಾವು ವಾಕಿಂಗ್ ಮುಗಿಸಿ ನಿಲ್ಲುವ ತಿರುವಿನಲ್ಲಿ ಒಬ್ಬ ಅಜ್ಜಿ ಹೂ ಮಾರುತ್ತಾರೆ. ಇನ್‌ಕಮ್ ಟ್ಯಾಕ್ಸ್ ಅಂದರೇನು ಅಂತ ಅವರಿಗೆ ಗೊತ್ತಿಲ್ಲ. ಆದರೆ ಮೊಬೈಲ್ ರೀಚಾರ್ಜ್ ಮಾಡಿಸಿದಾಗಲೆಲ್ಲ ಶೇ 18 ಜಿಎಸ್‌ಟಿ ಕೊಡುತ್ತಾರೆ. ಸೋಪಿಗೂ 2025ರ ಸೆಪ್ಟೆಂಬರ್‌ವರೆಗೆ ಶೇ 18 ಕೊಟ್ಟರು, ಈಗ ಶೇ 5. ಅದಕ್ಕೂ ಮುಂಚೆ ಬೇರೆ ಬೇರೆ ಹೆಸರಿನಲ್ಲಿ ಕೊಟ್ಟಿದ್ದಾರೆ. ನಮ್ಮ ಸ್ನೇಹಿತರಿಗಿಂತ ಹೆಚ್ಚು ವರ್ಷ ಅವರು ತೆರಿಗೆ ಕಟ್ಟಿದ್ದಾರೆ, ರಸೀದಿ ಇಲ್ಲ ಅಷ್ಟೇ. ರಾಜ್ಯ ಸರ್ಕಾರದ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾದಲ್ಲಿ ಅವರಿಗೆ ಸಿಗುವುದು ತಿಂಗಳಿಗೆ 1,200 ರೂಪಾಯಿ. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 80 ವರ್ಷದೊಳಗಿನವರಿಗೆ 200 ರೂಪಾಯಿ. ಅದು 2007ರಲ್ಲೂ 200 ಇತ್ತು. 2017ರಲ್ಲಿ 60 ಅರ್ಥಶಾಸ್ತ್ರಜ್ಞರು ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರಿಗೆ ಪತ್ರ ಬರೆದು ಅದನ್ನು ಕಡೇ ಪಕ್ಷ 500 ಮಾಡಿ ಅಂತ ಕೇಳಿಕೊಂಡರು. ಕೇಳಿದ್ದೂ ಬರೀ 500!

ಅದಕ್ಕೇ 'ಟ್ಯಾಕ್ಸ್ ಕಟ್ಟಿದವರಿಗೆ ಪಿಂಚಣಿ' ಎಂಬ ಫಾರ್ವರ್ಡ್ ನನಗೆ ಹಿಡಿಸುವುದಿಲ್ಲ. ಬ್ಯಾಂಕಿನಲ್ಲಿ ಗಂಟು ಇರುವವರಿಗೆ ಮೊದಲು ಬಡಿಸಿ, ಎಲೆ ಹಾಕಿ ಕಾದವರಿಗೆ ಆಮೇಲೆ ಅಂದ ಹಾಗಾಗುತ್ತದೆ. ಎಲ್ಲ ವೃದ್ಧರಿಗೂ ಸಾಮಾನ್ಯ ತೆರಿಗೆಯಿಂದ ಒಂದೇ ಸಮನಾದ, ಜೀವನಕ್ಕಾಗುವಷ್ಟು ಪಿಂಚಣಿ, ಬೆಲೆ ಏರಿದಂತೆ ತಾನೇ ಏರುವಂಥದ್ದು. ನನ್ನ ಓಟು ಅದಕ್ಕೆ. ಹೊಸದಾಗಿ ದೊಡ್ಡ ಮುಯ್ಯಿ ಶುರು ಮಾಡುವ ಕಾಲ ಇದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೆ 2.1 ಬೇಕು.

'ಹಾಗಾದ್ರೆ ನನ್ನ ಮಗನಿಗೆ ಇನ್ನೊಂದು ಮಗು ಮಾಡ್ಕೋ ಅಂತ ಹೇಳ್ಲಾ?' ಅಂದರು.

'ಹೇಳಿ. ಅದು ಓದು ಮುಗಿಸಿ ಮೊದಲ ಸಂಬಳ ತರೋ ಹೊತ್ತಿಗೆ ನಿಮಗೆ ಎಂಬತ್ತೈದು ದಾಟಿರುತ್ತೆ.'

ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಅಜ್ಜಿಯ ಹತ್ತಿರ ಹೋಗಿ ಎರಡು ಮೊಳ ಕಾಕಡ ತಗೊಂಡರು. ಅವತ್ತು ಚೌಕಾಸಿ ಮಾಡಲಿಲ್ಲ.