ಮತ್ತೆ ರೋಲ್ ಹಾಕಿದ ಮೇಲೆ

ಡಿಜಿಟಲ್ ಬಿಟ್ಟು ಫಿಲ್ಮ್ ಕ್ಯಾಮೆರಾಗೆ ವಾಪಸ್ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಗ್ರೇನ್ ಬಗ್ಗೆ, ಅಂದರೆ ಫೋಟೊದಲ್ಲಿ ಕಾಣುವ ಸಣ್ಣ ಸಣ್ಣ ಕಾಳುಗಳ ಬಗ್ಗೆ, ಬಣ್ಣದ ಬಗ್ಗೆ. ಎರಡೂ ನನಗೆ ಇಷ್ಟವೇ. ಆದರೆ ನನ್ನನ್ನು ವಾಪಸ್ ಕರೆತಂದದ್ದು ಬೇರೆ. ಈ ಕ್ಯಾಮೆರಾದ ಬೆನ್ನಿಗೆ ಸ್ಕ್ರೀನ್ ಇಲ್ಲ, ಅಷ್ಟೇ ಕಾರಣ.

ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಇವತ್ತಿಗೂ ಡಿಜಿಟಲ್‌ನಲ್ಲೇ ತೆಗೆಯುತ್ತೇನೆ. ಅದು ಹೊಟ್ಟೆಪಾಡು, ಆ ಕೆಲಸಕ್ಕೆ ಅದೇ ಸರಿ. ಧಾರೆ ಎರೆಯುವ ಹೊತ್ತಿಗೆ ರೋಲ್ ಮುಗಿಯಿತು ಅಂತ ನಿಲ್ಲೋಕಾಗಲ್ಲ, ಅಲ್ವಾ? ಇಲ್ಲಿ ಹೇಳುತ್ತಿರುವುದು ನನಗಾಗಿ ತೆಗೆಯುವ ಫೋಟೊಗಳ ವಿಷಯ. ಮೈಸೂರಿನ ದೇವರಾಜ ಮಾರ್ಕೆಟ್‌, ಶ್ರೀರಂಗಪಟ್ಟಣ, ಮೇಲುಕೋಟೆ, ಇಲ್ಲೆಲ್ಲ ಸುಮ್ನೆ ಸುತ್ತಾಡಿ ಜನರನ್ನು ಮಾತಾಡಿಸಿ ತೆಗೆಯುವ ಫೋಟೊಗಳು.

ಡಿಜಿಟಲ್ ಹಿಡಿದಾಗ ಕ್ಲಿಕ್ ಆದ ಮರುಗಳಿಗೆ ಕಣ್ಣು ಸ್ಕ್ರೀನ್‌ಗೆ ಹೋಗುತ್ತದೆ. ಎದುರಿಗಿದ್ದವರೂ ಎದ್ದು ಬರುತ್ತಾರೆ, "ತೋರ್ಸಿ ಸಾರ್" ಅಂತ. ನೋಡುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ಕೂದಲು ನೀವಿಕೊಳ್ಳುತ್ತಾರೆ, "ಇನ್ನೊಂದು ತೆಗೀರಿ" ಅನ್ನುತ್ತಾರೆ. ಅಲ್ಲಿಗೆ ಮೊದಲಿನ ಮುಖ ಹೋಯಿತು. ಆಮೇಲೆ ಸಿಗುವುದೆಲ್ಲ ಸೆಟೆದು ನಿಂತ ಫೋಟೊ. ಅವರು ಕೇಳುವುದು ತಪ್ಪಲ್ಲ, ಅವರ ಮುಖ ಅವರು ನೋಡಬೇಕಲ್ಲ.

ಈಗ ನನ್ನ ಕೈಯಲ್ಲಿರುವುದು ನಿಕಾನ್ ಎಫ್‌ಎಂ2. 1982ರಲ್ಲಿ ಬಂದ ಮಾಡೆಲ್. ಶಟರ್ ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಮಾರ್ಕೆಟ್‌ನಲ್ಲಿ ಹೂ ಕಟ್ಟುವ ಅಜ್ಜಿ ತೋರಿಸು ಅಂದರೆ, "ಇದು ರೀಲು ಹಾಕೋ ಕ್ಯಾಮೆರಾ ಅಜ್ಜಿ, ತೊಳೆಸಿದ ಮೇಲೆ ತಂದ್ಕೊಡ್ತೀನಿ" ಅನ್ನುತ್ತೇನೆ. ಅವರಿಗೆ ಒಂದೇ ಮಾತಿಗೆ ಗೊತ್ತಾಗುತ್ತದೆ, ಅವರ ಮದುವೆ ಫೋಟೊ ಬಂದದ್ದೂ ಹಾಗೇ ತಾನೆ. ಮತ್ತೆ ಹೂ ಕಟ್ಟುತ್ತಾರೆ, ಬಾಳೆನಾರಿಗೆ ನೀರು ಚಿಮುಕಿಸುತ್ತಾರೆ, ಮಲ್ಲಿಗೆ ರೇಟು ಯಾಕೆ ಏರಿತು ಅಂತ ಹೇಳುತ್ತಾರೆ, ಅಷ್ಟರಲ್ಲಿ ಇನ್ನೊಂದು ಫ್ರೇಮ್ ಆಗಿರುತ್ತದೆ. ಮಾತು ಕಡಿಯುವುದೇ ಇಲ್ಲ. ತಂದುಕೊಡ್ತೀನಿ ಅಂದ ಮೇಲೆ ತಂದುಕೊಡಲೇಬೇಕು. ಹಾಗಾಗಿ ಪ್ರತಿ ರೋಲ್‌ಗೂ ನಾನು ಮತ್ತೆ ಹೋಗಿ ನೋಡಬೇಕಾದ ಕೆಲವು ಜನ ಇರುತ್ತಾರೆ. ನನಗೆ ಬೇಕಾಗಿದ್ದದ್ದೂ ಅದೇ.

ನಮ್ಮ ಮೈಸೂರಿನವರೇ ಆದ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ಈಗ ಬೇರೆ ರೀತಿ ನೋಡುತ್ತೇನೆ. ಅವರು ಹೆಚ್ಚಾಗಿ ತೆಗೆದದ್ದು ಮಕ್ಕಳು, ಬೀದಿ, ಸಾಮಾನ್ಯ ಜನ. ಆ ಮುಖಗಳಲ್ಲಿ ಯಾರೂ ಕ್ಯಾಮೆರಾಗೆ ಹೆದರಿಲ್ಲ. ಅದು ಅವರ ಗುಣ, ಯಾವ ಕ್ಯಾಮೆರಾ ಕೊಟ್ಟರೂ ಅದು ನನಗೆ ಬಂದುಬಿಡುವುದಿಲ್ಲ. ಆದರೂ ನಡುವೆ ಯಾವ ಸ್ಕ್ರೀನೂ ಇಲ್ಲದೆ ಒಬ್ಬರ ಎದುರು ಕೂರುವುದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ನಾನು ನಂಬುತ್ತೇನೆ.

ಬೆಳಕಿನ ವಿಷಯಕ್ಕೆ ಮೇಲುಕೋಟೆ ಒಳ್ಳೆಯ ಉದಾಹರಣೆ. ಮಧ್ಯಾಹ್ನದ ಬಿಸಿಲು, ಕಲ್ಯಾಣಿ ಮೆಟ್ಟಿಲ ಮೇಲೆ ಬಿಳಿ ಪಂಚೆ ಉಟ್ಟವರು, ಹಿಂದೆ ಮಂಟಪದ ಕತ್ತಲು. ಡಿಜಿಟಲ್‌ನಲ್ಲಿ ಪಂಚೆಯ ಬಿಳುಪು ಒಂದು ಸಲ ಸುಟ್ಟುಹೋದರೆ ಮುಗಿಯಿತು, ಕಂಪ್ಯೂಟರ್‌ನಲ್ಲಿ ಎಷ್ಟು ಎಳೆದರೂ ನೆರಿಗೆ ವಾಪಸ್ ಬರುವುದಿಲ್ಲ. ಅದಕ್ಕೆ ಅಲ್ಲಿ ಬಿಳುಪನ್ನು ಉಳಿಸಿಕೊಂಡು ನೆರಳನ್ನು ಆಮೇಲೆ ಎತ್ತುತ್ತೇವೆ. ನೆಗೆಟಿವ್ ಫಿಲ್ಮ್‌ನಲ್ಲಿ ಲೆಕ್ಕ ಉಲ್ಟಾ. ನೆರಳಿಗೆ ಬೆಳಕು ಸಾಲದಿದ್ದರೆ ಅಲ್ಲಿ ಬೆಳ್ಳಿಯೇ ಇರುವುದಿಲ್ಲ, ಏನೂ ಮಾಡಲಾಗದು. ಬಿಳುಪಿಗೆ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬಿದ್ದರೆ ಅದು ತಡೆದುಕೊಳ್ಳುತ್ತದೆ. ಹಾಗಾಗಿ ಮಂಟಪದ ನೆರಳಿಗೆ ಮೀಟರ್ ಹಿಡಿದು, ಅದು ಹೇಳಿದ್ದಕ್ಕಿಂತ ಬೆಳಕನ್ನು ಸ್ವಲ್ಪ ಇಳಿಸಿ, ಧೈರ್ಯವಾಗಿ ಕ್ಲಿಕ್ ಮಾಡುತ್ತೇನೆ. ಪಂಚೆಯ ನೆರಿಗೆ ಒಂದೊಂದೂ ಪ್ರಿಂಟ್‌ನಲ್ಲಿ ಸಿಗುತ್ತದೆ.

ಹಾಕುವುದು ಹೆಚ್ಚಾಗಿ ಇಲ್ಫೋರ್ಡ್ ಎಚ್‌ಪಿ5. ಇಂಗ್ಲೆಂಡ್‌ನಿಂದ ಬರುವ ಬ್ಲಾಕ್ ಅಂಡ್ ವೈಟ್ ಫಿಲ್ಮ್, ಸ್ಪೀಡ್ (ಬೆಳಕಿಗೆ ಅದರ ಸೂಕ್ಷ್ಮತೆ) 400. ತೊಳೆಯುವುದು ಮನೆಯಲ್ಲೇ, ಡಿ-76 ಅನ್ನುವ ಡೆವಲಪರ್‌ನಲ್ಲಿ, ಅಂದರೆ ಫಿಲ್ಮ್ ಮೇಲೆ ಚಿತ್ರ ಮೂಡಿಸುವ ದ್ರಾವಣದಲ್ಲಿ. ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿ ಎಲ್ಲಿಂದ ಬರಬೇಕು? ಬಕೆಟ್‌ಗೆ ಐಸ್ ಹಾಕಿ, ಅದರಲ್ಲಿ ಡೆವಲಪರ್ ಬಾಟಲಿ ಇಟ್ಟು, ಥರ್ಮಾಮೀಟರ್ ನೋಡುತ್ತಾ ಕಾಯಬೇಕು. ಆಮೇಲೆ ಮೂಡಿದ ಚಿತ್ರ ನಿಲ್ಲುವಂತೆ ಮಾಡುವ ಹೈಪೊ, ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆಯುವುದು. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದಕ್ಕೆ ಕೊನೆಗೆ ಒಂದು ಸಲ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿಬಿಡಿ. ಧೂಳು ಕಮ್ಮಿ ಇರುವ ಜಾಗ ಬಚ್ಚಲುಮನೆ, ಅಲ್ಲೇ ಕ್ಲಿಪ್ ಹಾಕಿ ನೇತುಹಾಕುತ್ತೇನೆ.

ಖರ್ಚು ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ರೋಲ್‌ಗಳೆಲ್ಲ ಹೊರದೇಶದಿಂದ ಬರಬೇಕು. ಇದನ್ನು ನೆನೆಸಿಕೊಂಡಾಗಲೆಲ್ಲ ಊಟಿ ಕಾರ್ಖಾನೆ ನೆನಪಾಗಿ ಸಂಕಟವಾಗುತ್ತದೆ. ಮೈಸೂರಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಸಿಗುವ ಊರಲ್ಲೇ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಇತ್ತು. 1960ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ. 'ಇಂದು' ಹೆಸರಿನ ಬ್ಲಾಕ್ ಅಂಡ್ ವೈಟ್ ರೋಲು, ಪೇಪರು, ಆಸ್ಪತ್ರೆಗಳಿಗೆ ಎಕ್ಸ್‌ರೇ ಫಿಲ್ಮ್ ಎಲ್ಲ ಅಲ್ಲಿಂದ ಬರುತ್ತಿತ್ತು. ಜನ ಕಲರ್‌ಗೆ ಹೋದಾಗಲೇ ಅದಕ್ಕೆ ಪೆಟ್ಟು ಬಿದ್ದಿತ್ತು, ಆಮೇಲೆ ಡಿಜಿಟಲ್ ಬಂತು, ಕೊನೆಗೆ ಮುಚ್ಚಿತು. ಕೊಡಾಕ್ ಕೂಡ 2012ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಅದೇ ವರ್ಷ ನಿಲ್ಲಿಸಿದ ಎಕ್ಟಾಕ್ರೋಮ್ ಫಿಲ್ಮನ್ನು 2018ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಊಟಿಯದು ಹಾಗೆ ಎದ್ದು ಬರಲಿಲ್ಲ.

ನಿಮಗೂ ಶುರು ಮಾಡುವ ಮನಸ್ಸಿದ್ದರೆ ಹೊಸದೇನೂ ಕೊಳ್ಳಬೇಡಿ, ಮೊದಲು ಮನೆ ಬೀರು ಹುಡುಕಿ. ಅಪ್ಪನದೋ ಚಿಕ್ಕಪ್ಪನದೋ ಯಾಷಿಕಾ ಕ್ಯಾಮೆರಾ ಸಿಗಬಹುದು. ಹಿಂದಿನ ಬಾಗಿಲು ತೆರೆದು, ಬೇರೆ ಬೇರೆ ಸ್ಪೀಡ್‌ನಲ್ಲಿ ಶಟರ್ ಬಿಟ್ಟು ನೋಡಿ. ಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಬದಲಿಸಿ, ಇಲ್ಲದಿದ್ದರೆ ಬೆಳಕು ನುಗ್ಗುತ್ತದೆ. ಲೆನ್ಸಿಗೆ ಟಾರ್ಚ್ ಬಿಟ್ಟು ಫಂಗಸ್ ಇದೆಯಾ ನೋಡಿ, ನಮ್ಮ ಮಲೆನಾಡು ಕರಾವಳಿಯ ಮನೆಗಳಲ್ಲಿ ಇದ್ದೇ ಇರುತ್ತದೆ.

ಇನ್ನೊಂದು ಮಾತು. ನಿಮ್ಮೂರಿನ ಹಳೇ ಸ್ಟುಡಿಯೊದಲ್ಲಿ ನೆಗೆಟಿವ್‌ನಿಂದ ದೊಡ್ಡ ಪ್ರಿಂಟ್ ತೆಗೆಯುವ ಎನ್‌ಲಾರ್ಜರ್ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ ಅಂತ ದಯವಿಟ್ಟು ಅವರಿಗೆ ಹೇಳಿ. ಫಿಲ್ಮ್ ಇನ್ನೂ ಅಂಗಡಿಯಲ್ಲಿ ಸಿಗುತ್ತದೆ, ಒಳ್ಳೆಯ ಎನ್‌ಲಾರ್ಜರ್ ಸಿಗುವುದು ಕಷ್ಟ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಆದರೆ ನಾನೇ ಬಂದು ದುಡ್ಡು ಕೊಟ್ಟು ತಗೊಂಡು ಹೋಗುತ್ತೇನೆ.